ಹಾಸಿಗೆ ಕಾರ್ಖಾನೆಯ ಅಪಾಯಗಳು

ಹಾಸಿಗೆ ಕಾರ್ಖಾನೆಯ ಗುಮಾಸ್ತನಿಗೆ ಆಕಳಿಕೆ ಬಂದದ್ದೇ ತಪ್ಪಾಯಿತು. "ಸುರಕ್ಷತಾ ತಪಾಸಣೆ ಯಾರು ಮಾಡ್ತೀರಿ?" ಎಂದು ಮ್ಯಾನೇಜರು ಕೇಳಿದ ಹೊತ್ತಿಗೆ ಸರಿಯಾಗಿ ಅವನು ಮೈಮುರಿಯುತ್ತ ಕೈಯೆತ್ತಿದ್ದ.

"ಶಭಾಷ್! ಸಂಜೆಯೊಳಗೆ ಎಲ್ಲೆಲ್ಲಿ ಏನೇನು ಅಪಾಯ ಇದೆ, ಬರೆದು ಕೊಡಿ. ಒಂದು ಬಿಟ್ಟರೂ ನಿಮ್ಮ ಕೆಲಸಕ್ಕೇ ಅಪಾಯ."

ಹೊಲಿಗೆ ವಿಭಾಗದಲ್ಲಿ ನೆಲದ ಮೇಲೆ ಕರೆಂಟಿನ ವೈರು ಹಾವಿನ ಹಾಗೆ ಬಿದ್ದುಕೊಂಡಿತ್ತು. ಗುಮಾಸ್ತ ಪೆನ್ನು ತೆಗೆದನೋ ಇಲ್ಲವೋ, ಹೊಲಿಗೆಯವಳು ಅಡ್ಡ ಬಂದಳು.

"ಅಯ್ಯೋ ಅಣ್ಣಾ, ಅದನ್ನ ದಿನಾ ದಾಟ್ತೀವಿ, ಮನೆ ಹೊಸ್ತಿಲಿದ್ದ ಹಾಗೆ. ಹೋಗಿ ಆ ಪ್ಯಾಕಿಂಗ್‌ನವರನ್ನ ಬರ್ಕೊಳ್ಳಿ!"

ಪ್ಯಾಕಿಂಗ್ ಮೇಸ್ತ್ರಿ ತುರ್ತು ಬಾಗಿಲಿಗೆ ಅಡ್ಡಲಾಗಿ ಪೆಟ್ಟಿಗೆ ಪೇರಿಸಿ, ಅದರ ಮೇಲೇ ಕೂತು ಊಟ ಮಾಡುತ್ತಿದ್ದ.

"ಬೆಂಕಿ ಬಿದ್ದರೆ ಎಲ್ಲಿಂದ ಓಡ್ತೀರಿ?"

"ನೀವು ಓಡೋ ಕಡೆಯಿಂದಲೇ ಸ್ವಾಮಿ! ಮೊದಲು ಹತ್ತಿ ಕೋಣೆ ನೋಡಿ."

ಹತ್ತಿ ಕೋಣೆಗೆ ಕಾಲಿಟ್ಟೊಡನೆ ಹೊರಗಿನ ಗದ್ದಲವೆಲ್ಲ ಯಾವುದೋ ದೂರದ ಊರಿನದಾಯಿತು. ಕಿಟಕಿಯ ಬೆಳಕಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು, ಯಾರೋ ಚಂದ್ರನ ತಲೆ ಬಾಚುತ್ತಿದ್ದ ಹಾಗೆ. ಅವನ ರೆಪ್ಪೆಯ ಮೇಲೂ ಒಂದೆಳೆ ಬಂದು ಕೂತಿತು. ಮೇಲೆ ಉರಿಯುವ ಬಲ್ಬಿಗೂ ಹತ್ತಿ ಮೆತ್ತಿಕೊಂಡಿತ್ತು! ಅದನ್ನು ಒರೆಸಲೆಂದು ಏಣಿ ಹತ್ತಿದ. ಮೆಟ್ಟಿಲೊಂದು ಲಟಕ್ಕೆಂದಿತು. ಬಹಳ ನಿಧಾನವಾಗಿ, ಹಕ್ಕಿಯ ಪುಕ್ಕದಂತೆ ಬಿದ್ದೆನೆಂದು ಅವನಿಗೆ ಅನ್ನಿಸಿತು. ಬಿದ್ದದ್ದು ಹೊಸ ಹಾಸಿಗೆಗಳ ರಾಶಿಯ ಮೇಲೆ. ಒಂದು ಗಳಿಗೆ ಕಣ್ಣು ಮುಚ್ಚಿದ, ಅಷ್ಟೆ.

ಕನಸಿನಲ್ಲಿ ಅಪಾಯಗಳೆಲ್ಲ ಸಾಲಾಗಿ ನಿಂತು ಹೆಸರು ಬರೆಸುತ್ತಿದ್ದವು. "ಮೊದಲು ನಾನು ಬಂದದ್ದು ಸಾರ್," ಎಂದು ವೈರು ಜಗಳಕ್ಕೆ ನಿಂತಿತು.

ಕಣ್ಣು ಬಿಟ್ಟರೆ ಎದುರಿಗೆ ಮ್ಯಾನೇಜರು, ಪಕ್ಕದಲ್ಲಿ ಕೋಟು ತೊಟ್ಟ ಅಪರಿಚಿತ. ಕೆಲಸ ಹೋಯಿತು, ಹೆಂಡತಿಗೆ ಏನೆಂದು ಹೇಳಲಿ ಎಂದುಕೊಳ್ಳುತ್ತ ಗುಮಾಸ್ತ ಧಡಬಡಿಸಿ ಎದ್ದು ಕೂತ. ಅಪರಿಚಿತನೋ, ಮುರಿದ ಏಣಿಯನ್ನೂ ಅವನನ್ನೂ ನೋಡಿ ನೋಡಿ ಕಣ್ಣರಳಿಸಿದ.

"ಏಣಿಯಿಂದ ಬಿದ್ದವನೂ ಗೊರಕೆ ಹೊಡೆಯೋ ಹಾಸಿಗೆ! ನಮ್ಮ ಅಂಗಡಿಗಳಿಗೆ ಸಾವಿರ ಕಳಿಸಿ!"

ಮ್ಯಾನೇಜರು ಗುಮಾಸ್ತನನ್ನು ತಬ್ಬಿಕೊಂಡು ಅಲ್ಲೇ ಬಡ್ತಿ ಕೊಟ್ಟರು. ಅವನು ಹೆಂಡತಿಯ ಮುಂದೆ ಬೀಗಿದ್ದೇ ಬೀಗಿದ್ದು.

ಬೆಳಗ್ಗೆ ಹೊಸ ಹುದ್ದೆ ತಿಳಿಯಿತು. ಪೇಟೆ ಬೀದಿಯ ಅಂಗಡಿ, ಗಾಜಿನ ಹಿಂದೆ ಹಾಸಿಗೆ, ಸಂಜೆಯವರೆಗೆ ಅದರ ಮೇಲೆ ನಿದ್ದೆ. ಗಾಜಿಗೆ ಮೂಗೊತ್ತಿ ಜನ ನೋಡುತ್ತಿದ್ದರು. ನಿದ್ದೆ ಹತ್ತಿರ ಸುಳಿಯಲಿಲ್ಲ. ನೆತ್ತಿಯ ಮೇಲೆ ಫ್ಯಾನು ಸಡಿಲವಾದ ಒಂದೇ ಸ್ಕ್ರೂವಿನಲ್ಲಿ ಓಲಾಡುತ್ತಿತ್ತು.

"ಸಾರ್, ಆ ಫ್ಯಾನು ಬೀಳೋ ಹಾಗಿದೆ..."

"ಅದು ತಪಾಸಣೆಯವರ ಕೆಲಸ ಕಣ್ರೀ," ಎಂದರು ಅಂಗಡಿ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು. "ನೀವೀಗ ನಿದ್ದೆ ವಿಭಾಗ. ಕಣ್ಣು ಮುಚ್ಚಿ, ಗಿರಾಕಿ ನೋಡ್ತಿದ್ದಾರೆ!"

ಮುಚ್ಚಿದ. ಗಾಜಿನಾಚೆ ಯಾರೋ ನಿಟ್ಟುಸಿರಿಟ್ಟರು: "ನೋಡೇ, ಆ ಮನುಷ್ಯನಿಗೆ ಎಷ್ಟು ನೆಮ್ಮದಿ!"