ಅಂಬುಬಾಯಿಯ ಸಾಕ್ಷ್ಯ ಮತ್ತು ಎರಡು ಪೆನ್ಸಿಲ್ ಸೆಲ್ಲು

ಮನುಷ್ಯನ ಧ್ವನಿಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ದೃಢವಾದ ನಂಬಿಕೆಯೊಂದಿಗೆ ನಾನು ಆ ಯುದ್ಧಕ್ಕೆ ಇಳಿದೆ. ವೃದ್ಧರ ನೆನಪುಗಳನ್ನು ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ವಿಶ್ವವಿದ್ಯಾಲಯದಲ್ಲಿ ನನ್ನ ವೃತ್ತಿ. ಯಾರು ಎಲ್ಲಿ ಉಸಿರು ಹಿಡಿದರು, ಯಾರ ಹೆಸರು ಬಂದಾಗ ಕೆಮ್ಮಿದರು, ಸುಳ್ಳು ಹೇಳುವ ಮುನ್ನ ಎಷ್ಟು ಹೊತ್ತು ಎಲೆಗೆ ಸುಣ್ಣ ಸವರಿದರು, ಇವೆಲ್ಲವನ್ನೂ ಅಡಿಟಿಪ್ಪಣಿಗೆ ಇಳಿಸಬಲ್ಲ ಪಂಡಿತ ನಾನು. ಅಂಥವನು ಬಾಯಿಮಾತಿನಲ್ಲಿ ಆಡುವ ಒಂದು ಆಟದಲ್ಲಿ ಸೋಲುವುದೆಂದರೇನು!

ಆಟ ನನ್ನ ಹೆಂಡತಿ ಶರ್ವರಿಯದು. ನಿಜಾಮನ ಹಳೆಯ ರಾಜಧಾನಿಯ ಅಂಚಿನ ಗಚ್ಚಿಬೌಲಿಯಲ್ಲಿ ಬೆಳಿಗ್ಗೆ ನೋಡಿದ ಬಯಲು ಸಂಜೆಗೆ ಗಾಜಿನ ಕಟ್ಟಡವಾಗುತ್ತಿದ್ದ ಕಾಲ ಅದು. ಅಂಥ ಒಂದು ಕಟ್ಟಡದಲ್ಲಿ ಹಗಲೆಲ್ಲ ಕೂತು, ಕಡಲಾಚೆಯ ಗಿರಾಕಿಗಳಿಗೆ ಫೋನಿನಲ್ಲಿ 'ಸಾರಿ, ಸಾರಿ' ಎನ್ನುವುದು ಆಕೆಯ ಉದ್ಯೋಗ. ಸಂಜೆ ಮನೆಗೆ ಬಂದು, ಕಿವಿಗೆ ಹೆಡ್‌ಸೆಟ್ ಏರಿಸಿ, ಟಿವಿಯ ಮುಂದೆ ಕೂತು ಟ್ಯಾಂಕುಗಳಿಗೆ ಆಜ್ಞೆ ಕೊಡುವುದು ಆಕೆಯ ಪ್ರಾಯಶ್ಚಿತ್ತ. ಪರದೆಯ ಮೇಲೆ ಒಂದು ನಗರ. ಅದರ ಬೀದಿಗಳಲ್ಲಿ ಎರಡು ಸೈನ್ಯ. ಕೈಯಲ್ಲಿ ಹಿಡಿದ ಕಂಟ್ರೋಲರಿನ ಗುಂಡಿ ಒತ್ತಿ ಇಂಗ್ಲಿಷಿನಲ್ಲಿ ನುಡಿದರೆ ನಮ್ಮ ಸೈನ್ಯ ಆ ನುಡಿಯಂತೆ ನಡೆಯುತ್ತದೆ. ಗುಂಡಿ ಬಿಟ್ಟು ನುಡಿದರೆ ಆ ಮಾತು ಇಂಟರ್‌ನೆಟ್ಟಿನ ಮೂಲಕ ಎದುರಾಳಿಯ ಕಿವಿಗೆ ಹೋಗುತ್ತದೆ. ಎದುರಾಳಿ ಎಂದರೆ ಯಾವುದೋ ದೇಶದಲ್ಲಿ, ಯಾವುದೋ ಸೋಫಾದ ಮೇಲೆ, ನಮ್ಮ ನಾಶವನ್ನೇ ಹಾರೈಸುತ್ತ ಕೂತಿರುವ ಒಬ್ಬ ಅಪರಿಚಿತ.

ಈ ತಿಂಗಳು ಮುಗಿಯುವುದರೊಳಗೆ ಒಬ್ಬ ಎದುರಾಳಿಯನ್ನಾದರೂ ಮಣ್ಣುಮುಕ್ಕಿಸುತ್ತೇನೆಂದು ನಾನು ಊಟದ ತಟ್ಟೆಯ ಮುಂದೆ ಪ್ರತಿಜ್ಞೆ ಮಾಡಿದೆ. ಶರ್ವರಿ ಪಲ್ಯ ಬಡಿಸುತ್ತಲೇ ಹೇಳಿದಳು, "ನಿಮ್ಮ ಸೈನ್ಯಕ್ಕ ಮೊದಲು ಕೂಡಲಿಕ್ಕೆ ಹೇಳಿ ಚಹಾ ಕೊಡಬೇಕಾಗ್ತೈತಿ, ನೋಡ್ರಿ."

ಅವಳ ಮಾತು ಮೊದಲ ಕಾಳಗದಲ್ಲೇ ಶಾಪವಾಗಿ ಫಲಿಸಿತು. ವಿಷಯ ಇಷ್ಟೇ: ನನ್ನ ಶಾಸ್ತ್ರದಲ್ಲಿ ಆಜ್ಞೆ ನಿಷಿದ್ಧ. ಮಾಹಿತಿದಾರನನ್ನು ಒತ್ತಾಯಿಸಬಾರದು, ಉತ್ತರವನ್ನು ಅವನ ಬಾಯಿಗೆ ತುರುಕಬಾರದು, ಪ್ರಶ್ನೆ ಸದಾ ತೆರೆದ ಬಾಗಿಲಿನಂತಿರಬೇಕು. ಈ ಸಂಸ್ಕಾರ ನನ್ನ ನಾಲಿಗೆಯಲ್ಲಿ ಬೇರುಬಿಟ್ಟಿದೆ. ಆದ್ದರಿಂದ ಶತ್ರುವಿನ ಟ್ಯಾಂಕು ಸೇತುವೆ ದಾಟುತ್ತಿದ್ದಾಗ ನಾನು ಗುಂಡಿ ಒತ್ತಿ ಶುದ್ಧವಾದ ಇಂಗ್ಲಿಷಿನಲ್ಲಿ, ಮೂರನೆಯ ತುಕಡಿಗೆ ಅಭ್ಯಂತರವಿಲ್ಲದಿದ್ದರೆ ಆ ಸೇತುವೆಯ ಕುರಿತು ಏನು ಮಾಡಬಹುದೆಂದು ವಿಚಾರಿಸಿದೆ. ಮೂರನೆಯ ತುಕಡಿ ಏನೂ ಮಾಡಲಿಲ್ಲ. ಅದು ತನ್ನ ಅಭಿಪ್ರಾಯವನ್ನೂ ಹೇಳಲಿಲ್ಲ. ನಿಂತಲ್ಲೇ ಸುಟ್ಟುಹೋಯಿತು.

ಈ ಸೋಲುಗಳ ಮಧ್ಯದಲ್ಲಿ ನಮ್ಮ ಮನೆಗೆ ಅಂಬುಬಾಯಿ ಬಂದರು.

ಅಂಬುಬಾಯಿ ನನ್ನ ತಂದೆಯ ಸೋದರತ್ತೆ. ನಾವೆಲ್ಲ ಆಕೆಯನ್ನು ಆಯಿ ಎಂದು ಕರೆಯುತ್ತೇವೆ. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಹುಟ್ಟಿ, ಅದೇ ಓಣಿಯಲ್ಲಿ ಮದುವೆಯಾಗಿ, ಅದೇ ಓಣಿಯಲ್ಲಿ ಮುಪ್ಪಾದ ಜೀವ. ಮನೆಯ ಮಾಳಿಗೆ ಸೋರುತ್ತದೆಂದು ರಿಪೇರಿಗೆ ಬಿಟ್ಟು, ಒಂದು ಟ್ರಂಕು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ನನ್ನ ಪಾಲಿಗೆ ಅದು ನಿಧಿಯೇ ಕಾಲುಬಂದು ಮನೆಗೆ ನಡೆದುಬಂದಂತೆ. ಸೈನ್ಯ ನುಗ್ಗಿ ನಿಜಾಮನ ಆಳ್ವಿಕೆ ಮುಗಿದ ಆ ಗಲಾಟೆಯ ವರ್ಷ ಓಣಿಗೆ ಓಣಿಯೇ ಬೀಗ ಹಾಕಿ ಸೊಲ್ಲಾಪುರದ ರೈಲು ಹತ್ತಿದಾಗ, ಆಯಿಯ ಮನೆಯೊಂದೇ ಬಾಗಿಲು ತೆರೆದುಕೊಂಡು ಉಳಿದಿತ್ತು. ಯಾಕೆ ಉಳಿಯಿತು, ಯಾರ ಭರವಸೆಯ ಮೇಲೆ ಉಳಿಯಿತು, ಆ ದಿನಗಳಲ್ಲಿ ಆ ಮನೆಯೊಳಗೆ ಏನು ನಡೆಯಿತು ಎಂಬುದು ಯಾರಿಗೂ ಗೊತ್ತಿಲ್ಲ. ಬಲ್ಲವರಲ್ಲಿ ಬದುಕಿರುವುದು ಆಯಿ ಒಬ್ಬರೇ. ನಾನು ಕೆಲಸಕ್ಕೆ ಸೇರಿದಂದಿನಿಂದ ಕೇಳುತ್ತಿದ್ದೇನೆ. ಪ್ರತಿಸಲವೂ ಆಯಿ ನನ್ನ ಮುಖ ನೋಡಿ, ಚಹಾ ಆರುತ್ತದೆ, ಕುಡಿ ಎನ್ನುತ್ತಾರೆ.

ಈ ಸಲ ನಾನು ಆತುರಗೆಟ್ಟಿದ್ದೆ. ಇಲಾಖೆಯ ವಿಚಾರಸಂಕಿರಣದಲ್ಲಿ ನನ್ನದೇ ಮೊದಲ ಉಪನ್ಯಾಸ. ವಿಷಯ, 'ಅಂಬುಬಾಯಿಯವರ ಮೌಖಿಕ ಸಾಕ್ಷ್ಯ'. ಆಹ್ವಾನಪತ್ರಿಕೆ ಅಚ್ಚಾಗಿತ್ತು. ಸಾಕ್ಷ್ಯವೊಂದೇ ಬಾಕಿ.

ನಡುಮನೆಯ ಮೂಲೆಯಲ್ಲಿ ನನ್ನ ರೆಕಾರ್ಡರನ್ನು ಹೊಸ ಸೆಲ್ಲು ಹಾಕಿ ಸಿದ್ಧವಾಗಿಟ್ಟೆ. ಆಯಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಕೆಗೆ ಹಿಡಿಸಿದ್ದು ಟಿವಿ. ನಾನು ಯುದ್ಧಕ್ಕೆ ಕೂತಾಗಲೆಲ್ಲ ಪಕ್ಕದ ಕುರ್ಚಿಯಲ್ಲಿ ಕೂತು, ಮೊಣಕಾಲು ಒತ್ತಿಕೊಳ್ಳುತ್ತ ನೋಡುತ್ತಿದ್ದರು. ನೋಡಿದ್ದರೆ ಬಾಧೆಯಿರಲಿಲ್ಲ. ಒಮ್ಮೆ ನನ್ನ ಪಡೆ ಅಪರೂಪಕ್ಕೆ ಧೈರ್ಯ ತಳೆದು ಶತ್ರುವಿನ ನೆಲೆಗೆ ನುಗ್ಗುತ್ತಿತ್ತು. ನಾನು ಗುಂಡಿ ಒತ್ತಿಹಿಡಿದು ಮುಂದಿನ ಆಜ್ಞೆಗೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಯಿ ನನ್ನ ಕಿವಿಯ ಬಳಿಯೇ, "ಹಣಮಂತ, ಹಾಲ್ ತಾ," ಎಂದರು. ಸಮಸ್ತ ಸೈನ್ಯವೂ ಗಕ್ಕನೆ ನಿಂತಿತು. ನನ್ನ ವಿನಯದ ಇಂಗ್ಲಿಷು ಒಂದಿನಿತೂ ಅರ್ಥವಾಗದ ಆ ಯಂತ್ರಕ್ಕೆ ಆಯಿಯ ಕನ್ನಡದಲ್ಲಿ 'ಹಾಲ್ಟ್' ಎಂಬ ಸೇನಾಪತಿಯ ಗರ್ಜನೆ ಕೇಳಿಸಿತ್ತು! ಶತ್ರು ನಿಂತ ಟ್ಯಾಂಕುಗಳನ್ನು ಒಂದೊಂದಾಗಿ ಸಾವಕಾಶ ಸುಟ್ಟ. ನಾನು ಎದ್ದು ಹೋಗಿ ಹಾಲು ತಂದೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಶರ್ವರಿಗೆ ಅಂದೂ ಆಫೀಸಿನಲ್ಲಿ ಕೆಲಸವಿತ್ತು. ಹೋಗುವಾಗ, ಆಟದಲ್ಲಿ ತನ್ನ ಖಾತೆಯ ಮಾನ ಇನ್ನೂ ಸ್ವಲ್ಪ ಉಳಿದಿದೆ, ಅದನ್ನಾದರೂ ಬಿಡಿ ಎಂದು ಬೇಡಿಕೊಂಡು ಹೋದಳು. ಅವಳ ಕ್ಯಾಬು ಗೇಟು ದಾಟುವುದರೊಳಗೆ ನಾನು ರಣರಂಗದಲ್ಲಿದ್ದೆ. ಎದುರಾಳಿ 'ಬೂದು ತೋಳ' ಎಂಬ ಬಿರುದಿನವನು. ಆ ದಿನ ನನ್ನ ನಾಲಿಗೆಗೆ ಏನಾಗಿತ್ತೋ, ವಿನಯವೆಲ್ಲ ಉದುರಿಹೋಗಿತ್ತು. ಒಂದನೆಯ ತುಕಡಿ ನುಗ್ಗಿತು, ಎರಡನೆಯದು ಸುತ್ತುವರಿಯಿತು, ತೋಳ ಹಿಂದೆ ಹಿಂದೆ ಸರಿಯಿತು. ಆಗ ಕಂಟ್ರೋಲರಿನ ದೀಪ ಮಿನುಗಿ ಎಚ್ಚರಿಕೆ ಕೊಟ್ಟಿತು: ಸೆಲ್ಲು ಮುಗಿಯುತ್ತಿದೆ.

ಎರಡು ಪೆನ್ಸಿಲ್ ಸೆಲ್ಲು ಬೇಕು. ಗೋಡೆ ಗಡಿಯಾರದಲ್ಲಿ ಇದ್ದದ್ದು ಒಂದೇ. ಟಿವಿ ರಿಮೋಟಿನವು ಸಣಕಲು. ನನ್ನ ಕೈ ರೆಕಾರ್ಡರಿನ ಕಡೆ ಹೋಯಿತು. ಬರೀ ಅರ್ಧ ಗಂಟೆಯ ಮಾತು, ಯುದ್ಧ ಮುಗಿದ ತಕ್ಷಣ ಮರಳಿಸುವೆ ಎಂದು ಮೌಖಿಕ ಇತಿಹಾಸದ ಅಧಿದೇವತೆಗೆ ಮನಸ್ಸಿನಲ್ಲೇ ಕೈಮುಗಿದು, ಅದರ ಹೊಟ್ಟೆ ಬಗೆದು ಸೆಲ್ಲು ತೆಗೆದು ಕಂಟ್ರೋಲರಿಗೆ ತುಂಬಿದೆ. ನನ್ನ ಟ್ಯಾಂಕುಗಳು ನಗರದ ಮುಖ್ಯ ಬೀದಿಯನ್ನು ಹೊಕ್ಕವು.

ಪಕ್ಕದಲ್ಲಿ ಆಯಿ ಮೊಣಕಾಲು ಒತ್ತುವುದನ್ನು ನಿಲ್ಲಿಸಿದ್ದರು.

"ಸುಳ್ಳು ತೋರಸ್ತಾನ ಇಂವ," ಎಂದರು. "ಹಿಂಗ ಬರಲಿಲ್ಲ ಅವು."

"ಏನು ಬರಲಿಲ್ರಿ, ಆಯಿ?"

"ಟ್ಯಾಂಕು. ಇಷ್ಟು ಸಪ್ಪಳ ಇರಲಿಲ್ಲ. ಓಣಿ ಅಂಬೋದು ಗಪ್ಪಾಗಿತ್ತು. ನಾ ಅಟ್ಟದ ಕಿಡಕಿಯಾಗ ನಿಂತಿದ್ದೆ." ಆಯಿ ಪರದೆಯಿಂದ ಕಣ್ಣು ಕೀಳಲಿಲ್ಲ. "ನಾವು ಯಾಕ ಉಳಿದ್ವಿ ಅಂತ ಕೇಳ್ತಿದ್ದಿ ನೋಡು, ಹೇಳ್ತೀನಿ ಕೇಳು."

ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಸಾಧಾರಣ ಬುದ್ಧಿಯಿದ್ದರೆ ಸುಮ್ಮನೆ ಕೂತು ಕೇಳುತ್ತಿದ್ದಿರಿ. ಆದರೆ ನಾನು ತರಬೇತಿ ಪಡೆದವನು. ಧ್ವನಿಮುದ್ರಣವಿಲ್ಲದ ಸಾಕ್ಷ್ಯ ಬರೀ ಹರಟೆ ಎಂದು ಎಷ್ಟೋ ವಿದ್ಯಾರ್ಥಿಗಳಿಗೆ ಬೋಧಿಸಿದವನು. ರೆಕಾರ್ಡರು ಖಾಲಿ ಹೊಟ್ಟೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಕಂಟ್ರೋಲರಿನ ಸೆಲ್ಲನ್ನೇ ಮರಳಿ ಹಾಕಬಹುದಿತ್ತಲ್ಲ ಎನ್ನುವಿರಿ. ಹಾಕಿದರೆ ಯುದ್ಧ ಹೋಯಿತು. ಗೆಲುವು ನನ್ನ ಜೀವನದಲ್ಲಿ ಮೊದಲ ಬಾರಿಗೆ ಕೈಯಳತೆಯಲ್ಲಿತ್ತು. ಇತಿಹಾಸವೂ ಬೇಕು, ವಿಜಯವೂ ಬೇಕು. ನಾನು ಕೈಯೆತ್ತಿ ಆಯಿಯನ್ನು ತಡೆದೆ.

"ಆಯಿ, ಈಗ ಹೇಳಬ್ಯಾಡ್ರಿ. ಸೆಲ್ಲು ತಂದುಬಿಡ್ತೀನಿ. ಅಲ್ಲೀತನಕ ಒಂದು ಮಾತೂ ಆಡಬ್ಯಾಡ್ರಿ."

ಬೂದು ತೋಳನಿಗೆ ಇಂಗ್ಲಿಷಿನಲ್ಲಿ, ದಯವಿಟ್ಟು ಸ್ವಲ್ಪ ತಾಳಿ, ನಮ್ಮ ಹಿರಿಯರು ಇಲ್ಲಿಯೇ ಇರುತ್ತಾರೆ ಎಂದು ವಿನಂತಿಸಿದೆ. ನಾನು ಆಟ ಬಿಟ್ಟು ಓಡಿಹೋದೆನೆಂದು ಅವನು ತಿಳಿಯಬಾರದಲ್ಲ! ಅದಕ್ಕಾಗಿ ಹೆಡ್‌ಸೆಟ್ಟನ್ನು ತೆಗೆದು ಆಯಿಯ ತಲೆಗೆ ತೊಡಿಸಿ, ಕಂಟ್ರೋಲರನ್ನು ಮಡಿಲಲ್ಲಿಟ್ಟು, ಚಪ್ಪಲಿ ಮೆಟ್ಟಿ ಓಡಿದೆ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಅಂಗಡಿಯಾತ, "ಅಯಿಪೋಯಾಯಿ ಸಾರ್," ಎಂದು ಕೈಚೆಲ್ಲಿದ. ಸೆಲ್ಲು ಮುಗಿದಿದ್ದವು, ಇದ್ದವೆಲ್ಲ ಆಟಿಕೆ ಕಾರುಗಳಿಗೆ ಹೋಗಿದ್ದವಂತೆ. ಮುಖ್ಯ ರಸ್ತೆಗೆ ಹೋದೆ. ಗಚ್ಚಿಬೌಲಿಯ ರಸ್ತೆ ದಾಟುವುದು ಭಾನುವಾರವೂ ಒಂದು ಯುದ್ಧವೇ. ಅಲ್ಲಿಯ ಕ್ಯಾಬುಗಳು ಯಾರ ಆಜ್ಞೆಗೂ ನಿಲ್ಲುವುದಿಲ್ಲ. ಆಚೆಯ ಅಂಗಡಿಯವನು ಟಾರ್ಚಿನ ದಪ್ಪ ಸೆಲ್ಲು ಕಟ್ಟಿಕೊಟ್ಟ. ಈಚೆ ಬಂದ ಮೇಲೆ ಪೊಟ್ಟಣ ಬಿಚ್ಚಿ ನೋಡಿ, ಮತ್ತೆ ದಾಟಿ, ಬದಲಿಸಿಕೊಂಡು, ಮತ್ತೆ ದಾಟಿ ಮನೆಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಯಿ ಹೆಡ್‌ಸೆಟ್ಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಯುತ್ತಿದ್ದರು. ಪರದೆಯ ಮೇಲೆ ತೋಳನ ಟ್ಯಾಂಕುಗಳು ನನ್ನ ಟ್ಯಾಂಕುಗಳ ಮುಂದೆ ಸಾಲಾಗಿ, ಒಂದು ಗುಂಡನ್ನೂ ಹಾರಿಸದೆ ನಿಂತಿದ್ದವು. ನಾನು ಏದುಸಿರು ಬಿಡುತ್ತ ಸೆಲ್ಲು ತುಂಬಿದೆ. ರೆಕಾರ್ಡರಿನ ಕೆಂಪು ದೀಪ ಹತ್ತಿತು. ದಿನಾಂಕ, ಸ್ಥಳ, ಮಾಹಿತಿದಾರರ ಹೆಸರು ಎಲ್ಲವನ್ನೂ ಕ್ರಮವಾಗಿ ನುಡಿದು, ಆಯಿಗೆ ಶುರುಮಾಡಲು ಹೇಳಿದೆ.

"ಯಾಕ?" ಎಂದರು ಆಯಿ. "ಹೇಳಿ ಮುಗೀತಲ್ಲ."

"ಯಾರಿಗೆ ಹೇಳಿದ್ರಿ?"

"ಇದರಾಗಿದ್ದಂವಗ. ನಿಮ್ಮ ಯುನಿವರ್ಸಿಟಿಯಂವ ಇರಬೇಕು. ಭಾಳ ಛಲೋ ಹುಡುಗ ನೋಡು. ನಿನ್ನಂಗ ನಡುವ ತಡೀಲಿಲ್ಲ. ನಾ ಎಲ್ಲಿ ನಿಂತ್ರ ಅಲ್ಲಿ 'ಹಾಂ... ಹಾಂ...' ಅನ್ನಾಂವ. ಅಂವ ಹಾಂ ಅಂದಂಗೆಲ್ಲ ನನಗ ಮುಂದಿಂದು ನೆನಪಾಗೂದು. ನಮ್ಮ ಅಪ್ಪಗೂ ಹೇಳಲಾರದ್ದು ಅಂವಗ ಹೇಳಿದೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಇನ್ನೊಂದೇ ಸಲ, ಸಂಕ್ಷೇಪವಾಗಿಯಾದರೂ, ಬರೀ ಹೆಸರುಗಳನ್ನಾದರೂ ಎಂದು ಅಂಗಲಾಚಿದೆ. ಆಯಿ ನನ್ನ ತಲೆಯ ಮೇಲೆ ಕೈಯಿಟ್ಟರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

"ಇಷ್ಟು ವರ್ಷ ಹೊತ್ತಿದ್ದೆ, ಹಣಮಂತ. ಇವತ್ತ ಇಳಿಸೀನಿ. ಮತ್ತ ನನ್ನ ತಲಿಮ್ಯಾಗ ಹೊರಸಬ್ಯಾಡ. ಬೇಕಾದ್ರ ಕೇಳಿದಂವನ್ನ ಕೇಳು."

ಹೇಳಿ ಒಳಗೆ ಹೋಗಿ ಮಲಗಿದರು. ನಮ್ಮ ಮನೆಗೆ ಬಂದಂದಿನಿಂದ ನಿದ್ರೆ ಬಾರದೆಂದು ಕೊರಗುತ್ತಿದ್ದ ಆ ಜೀವ ಅಂದು ಗೊರಕೆ ಹೊಡೆಯಿತು. ನನ್ನ ರೆಕಾರ್ಡರು ಆ ಗೊರಕೆಯನ್ನು ಅತ್ಯಂತ ಸ್ಪಷ್ಟವಾಗಿ ಮುದ್ರಿಸಿಕೊಂಡಿತು.

ಸಂಜೆ ಶರ್ವರಿ ಬಂದಳು. ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ, ಅದರಿಂದಲೇ ನನ್ನ ಸ್ಥಿತಿ ಎಷ್ಟು ಕೆಟ್ಟಿದೆಯೆಂದು ನನಗೆ ಅರಿವಾಯಿತು. ಆ ಯಂತ್ರ ಏನನ್ನಾದರೂ ಉಳಿಸಿಕೊಂಡಿರಬಹುದೇ ಎಂದು ಕೇಳಿದೆ. ಯಾರ ಯಾರ ಟ್ಯಾಂಕು ಎಲ್ಲೆಲ್ಲಿ ಸುಟ್ಟಿತೆಂದು ಉಳಿಸಿಕೊಳ್ಳುತ್ತದೆ, ಮಾತನ್ನಲ್ಲ ಎಂದಳು. ಉಳಿದದ್ದು ಆಯಿಯೇ ತೋರಿಸಿಕೊಟ್ಟ ದಾರಿ: ಕೇಳಿದವನನ್ನು ಕೇಳುವುದು. ಶರ್ವರಿ ತನ್ನ ಖಾತೆಯಿಂದ ಬೂದು ತೋಳನಿಗೆ ಒಂದು ಸಂದೇಶ ಕಳಿಸಿದಳು. ತಾವು ನಿನ್ನೆ ಕೇಳಿದ್ದು ನಮಗೆ ಅಮೂಲ್ಯ, ಎಷ್ಟು ನೆನಪಿದ್ದರೆ ಅಷ್ಟನ್ನೇ ದಯಮಾಡಿ ತಿಳಿಸಿ ಎಂದು ಬರೆಯುವಂತೆ ನಾನು ಪಕ್ಕದಲ್ಲಿ ನಿಂತು ಹೇಳಿಕೊಟ್ಟೆ. 'ನಿನ್ನೆ' ಅಲ್ಲ, 'ಇವತ್ತು' ಎಂದು ಅವಳೇ ತಿದ್ದಿದಳು. ನನಗೆ ಆಗಲೇ ಒಂದು ಯುಗ ಕಳೆದಿತ್ತು.

ಮರುದಿನ ಉತ್ತರ ಬಂತು. ಸಾಕಷ್ಟು ಉದ್ದವಾಗಿತ್ತು. ನಾನು ಕಾಗದ, ಪೆನ್ನು ಹಿಡಿದು ಕೂತೆ. ಶರ್ವರಿ ಓದುತ್ತ ಕನ್ನಡದಲ್ಲಿ ಹೇಳತೊಡಗಿದಳು.

ಬೂದು ತೋಳ ಕೆನಡಾದ ಒಬ್ಬ ದಂತವೈದ್ಯನಂತೆ. ಹಿರಿಯ ಹೆಂಗಸೊಬ್ಬರು ಅಷ್ಟು ಮನಸ್ಸಿಟ್ಟು ಮಾತಾಡುತ್ತಿರುವಾಗ ಗುಂಡು ಹಾರಿಸುವುದು ಸರಿಯಲ್ಲವೆಂದು ತನ್ನ ಸೈನ್ಯವನ್ನು ನಿಲ್ಲಿಸಿದನಂತೆ. ಆದರೆ ಅದು ಯಾವ ಭಾಷೆಯೆಂಬುದೂ ತನಗೆ ಗೊತ್ತಾಗಲಿಲ್ಲವಂತೆ. ಸುಲ್ತಾನ್ ಎಂಬ ಆಟಗಾರನ ಹೆಸರು ಮತ್ತೆ ಮತ್ತೆ ಕೇಳಿಸಿತಂತೆ, ಅವನು ಯಾರೆಂದು ತಿಳಿದಿಲ್ಲವಂತೆ. ಏನು, ಏನು ಹೇಳಿದಿರಿ ಎಂಬರ್ಥದಲ್ಲಿ ತಾನು ಮೊದಲಿನಿಂದ ಕೊನೆಯವರೆಗೂ 'ಹಾಂ? ಹಾಂ?' ಎಂದು ಕೇಳುತ್ತಲೇ ಇದ್ದನಂತೆ. ಹಾಗೆ ಕೇಳಿದಾಗಲೆಲ್ಲ ಆಕೆ ಇನ್ನಷ್ಟು ಪ್ರೀತಿಯಿಂದ, ಇನ್ನಷ್ಟು ಉದ್ದವಾಗಿ ಹೇಳಿದರಂತೆ. ಕೊನೆಗೆ ಆಕೆ ಅತ್ತಂತೆ ಕೇಳಿಸಿತು, ಆಮೇಲೆ ನಕ್ಕಂತೆಯೂ ಕೇಳಿಸಿತು. ಆಗಿನಿಂದ ತನಗೆ ಅದೇ ಯೋಚನೆಯಾಗಿದೆ, ಆಕೆ ಹೇಳಿದ್ದೇನೆಂದು ನೀವಾದರೂ ದಯವಿಟ್ಟು ತಿಳಿಸುವಿರಾ ಎಂದು ಬರೆದಿದ್ದ.

ನನ್ನ ಕಣ್ಣು ಗೋಡೆಯನ್ನು ನೋಡುತ್ತಿತ್ತು. ಮನಸ್ಸು ಎಲ್ಲೋ ಅಟ್ಟದ ಕಿಡಕಿಯ ಹತ್ತಿರ ನಿಂತು ಕತ್ತು ಚಾಚುತ್ತಿತ್ತು. ಶರ್ವರಿ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು.

"ಅಂವಗ ಏನಂತ ಬರೀಲ್ರಿ?"

"ಹಾಂ?" ಎಂದೆ ನಾನು.

ಅವಳು ಅದನ್ನೇ ಬರೆದು ಕಳಿಸಿದಳು.