ಗಾಳಿಕಿಂಡಿಗೆ ಐದು ಲೀಟರ್ ನೀರು

ಮೊದಲ ಸಂದರ್ಶನವನ್ನು ಗೊತ್ತುಪಡಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ನಮ್ಮ ಜೀಪು ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಕ್ರಮಬದ್ಧವಾಗಿ ಪತ್ರ ಬರೆದೆ. ಆತ ಅದರಲ್ಲಿ ಕೈಯ ಗ್ರೀಸ್ ಒರೆಸಿಕೊಂಡ. ಎರಡನೆಯ ಪತ್ರವನ್ನು ನಾನೇ ಹೋಗಿ ಓದಿ ಹೇಳಿದೆ. ಯಾವುದೋ ಗಾಡಿಯ ಅಡಿಯಿಂದ ಚಾಚಿಕೊಂಡಿದ್ದ ಎರಡು ಕಾಲುಗಳು ಅದನ್ನು ಶ್ರದ್ಧೆಯಿಂದ ಆಲಿಸಿದವು.

“ಅಂದ್ರೆ ಸಾರ್, ಬಾನೆಟ್ ಮೇಲಿನ ಕಿಂಡಿ ಯಾಕಿರುತ್ತೆ ಅಂತ ಕೇಳೋಕೆ ಟೈಮ್ ಕೊಡಿ ಅಂತ ಕೇಳ್ತಿದ್ದೀರಾ?”

“ಹೌದು.”

“ಈಗ್ಲೇ ಕೇಳಿಬಿಡಿ.”

“ಈಗ ಆಗೋದಿಲ್ಲ. ಇದು ಪೂರ್ವಭಾವಿ ಭೇಟಿ.”

ಕಾಲುಗಳು ಗಾಡಿಯಡಿಗೆ ಇನ್ನಷ್ಟು ಸರಿದವು. “ಗುರುವಾರ ಬನ್ನಿ,” ಎಂದವು ಕೊನೆಗೆ.

ವಿಷಯ ಇಷ್ಟು. ನನ್ನಾಕೆ ಪಶುವೈದ್ಯೆ. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಹೋಗಿಬರಲು ಮಾವನವರು ಮಗಳಿಗೆ ಹಳೆಯ ಜೀಪೊಂದನ್ನು ಕೊಡಿಸಿದ್ದರು. ಅದರ ಬಾನೆಟ್ಟಿನ ಮೇಲೆ ಮೀನಿನ ಕಿವಿರುಗಳ ಹಾಗೆ ಎರಡು ಕಪ್ಪು ಪ್ಲಾಸ್ಟಿಕ್ ಗಾಳಿಕಿಂಡಿಗಳು. “ಬರೀ ಶೋಕಿ. ಕೆಸರು ಸಿಕ್ಕಿಕೊಳ್ಳುತ್ತೆ, ಕಿತ್ತು ಬಿಸಾಕ್ತೀನಿ,” ಎಂದು ಮಗಳು. “ಅದು ಎಂಜಿನ್ನಿನ ಮೂಗು. ಮೂಗು ಕೊಯ್ತೀಯಾ?” ಎಂದು ಅಪ್ಪ. ಊಟದ ಮೇಜಿನ ಮೇಲೆ ಆ ಕಿಂಡಿಗಳಿಂದ ದಿನವೂ ಬಿಸಿಗಾಳಿ ಹೊರಡುತ್ತಿತ್ತು. ಜನರ ನೆನಪುಗಳನ್ನು ಧ್ವನಿಮುದ್ರಿಸುವುದನ್ನೇ ಇಪ್ಪತ್ತೆರಡು ವರ್ಷಗಳಿಂದ ವೃತ್ತಿಯಾಗಿಸಿಕೊಂಡವನು, ವಿಶ್ವವಿದ್ಯಾಲಯದಲ್ಲಿ ವಿಧಿವತ್ತಾಗಿ ಕಲಿತವನು ಮನೆಯಲ್ಲೇ ಇರುವಾಗ ಹೀಗಾಗಬಹುದೆ! ಚಮಚ ಕೆಳಗಿಟ್ಟು ಘೋಷಿಸಿದೆ: “ಸಾಕ್ಷಿಗಳನ್ನು ಸಂದರ್ಶಿಸಿ, ಈ ಪ್ರಶ್ನೆಯನ್ನು ಶಾಶ್ವತವಾಗಿ ಇತ್ಯರ್ಥಪಡಿಸುತ್ತೇನೆ.”

“ಬಾನೆಟ್ ಎತ್ತಿ ನೋಡಿದ್ರೆ ಆಯ್ತಲ್ರೀ. ಅರ್ಧ ನಿಮಿಷದ ಕೆಲಸ,” ಎಂದಳು ನನ್ನಾಕೆ.

“ಪರಿಶೀಲನೆ ಮೂರನೆಯ ಹಂತ. ಮೊದಲೇ ನೋಡಿಬಿಟ್ಟರೆ ಪೂರ್ವಗ್ರಹ ಬಂದುಬಿಡುತ್ತೆ.”

“ಹಾಗಾದ್ರೆ ಮದುವೆಗೆ ಮುಂಚೆ ನನ್ನನ್ನ ಯಾಕೆ ನೋಡೋಕೆ ಬಂದ್ರಿ?”

ಇದನ್ನು ನಾನು ದಾಖಲಿಸಲಿಲ್ಲ.

ಗುರುವಾರ ಮೆಕ್ಯಾನಿಕ್ ಎರಡು ಗಂಟೆ ಮಾತಾಡಿದ. ಒಂದು ಗಂಟೆ ಐವತ್ತು ನಿಮಿಷ ಅವನ ಷಡ್ಡಕನ ದುರ್ಗುಣಗಳ ಬಗ್ಗೆ. ಉಳಿದ ಹತ್ತು ನಿಮಿಷದ ಸಾರ: “ತೂತಿರೋ ಕಿಂಡಿ ಆದ್ರೆ ಬಿಸಿಗಾಳಿ ಹೊರಗೆ ಹೋಗುತ್ತೆ ಸಾರ್. ತೂತಿಲ್ಲದ್ದು ಆದ್ರೆ ನೋಡೋಕೆ ಚೆಂದ.” ಇಷ್ಟು ಸ್ಪಷ್ಟವಾದ ಸಾಕ್ಷ್ಯ ನನ್ನ ಅನುಭವದಲ್ಲೇ ವಿರಳ. ಸ್ಪಷ್ಟವಾಗಿತ್ತೆಂಬ ಕಾರಣಕ್ಕೇ ಅದನ್ನು ನಾನು ಅನುಮಾನಿಸಿದೆ!

ಎರಡನೆಯ ಸಾಕ್ಷಿ ಮಾವನವರು. ಮೂವತ್ತು ವರ್ಷ ಲಾರಿ ಓಡಿಸಿದವರು. “ಏರಿನಲ್ಲಿ ಗಾಡಿ ಬಿಸಿಯಾದ್ರೆ ಹೆದರಬಾರದು ಅಳಿಯಂದ್ರೇ. ಸ್ವಲ್ಪ ಆರೋಕೆ ಬಿಡೋದು. ಬಾನೆಟ್ ಎತ್ತೋದೇನೂ ಬೇಡ, ಮೇಲಿಂದಾನೇ ನೀರು ಹುಯ್ಯೋದು. ಗಟಗಟ ಕುಡಿಯುತ್ತೆ, ಬಾಯಾರಿದ ಎತ್ತು ಕುಡಿದ ಹಾಗೆ!” ಎಂಥ ಉಪಮೆ! ‘ಯಾವ ಗಾಡಿ?’ ಎಂದು ಕೇಳಬೇಕೆಂದು ನಾಲಗೆಯ ತುದಿಯವರೆಗೆ ಬಂತು. ಆದರೆ ನೆನಪು ಹರಿಯುವಾಗ ಸಾಕ್ಷಿಯನ್ನು ತಡೆಯಬಾರದೆಂಬುದು ನಮ್ಮ ಶಾಸ್ತ್ರದ ಮೊದಲ ನಿಯಮ. ನಾನು ತಡೆಯಲಿಲ್ಲ. ಹದಿನಾಲ್ಕನೆಯ ಪುಟದಲ್ಲಿ ಅದನ್ನು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದೆ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಗುಡ್ಡದ ಮೇಲಿನ ಕೊಟ್ಟಿಗೆಯಿಂದ ಫೋನ್ ಬಂತು. ಹಸು ನೋವು ತಿನ್ನುತ್ತಿದೆ. ಕರು ಅಡ್ಡ ತಿರುಗಿದೆ. ಬೇಗ ಬಾರದಿದ್ದರೆ ಎರಡೂ ಉಳಿಯುವುದಿಲ್ಲ. ನನ್ನಾಕೆ ಚೀಲ ಹಿಡಿದು ಹಾರಿದಳು. ಕಿಂಡಿಗಳ ವರ್ತನೆಯನ್ನು ಏರುದಾರಿಯಲ್ಲಿ ಗಮನಿಸುವ ಸದವಕಾಶವೆಂದು ನಾನೂ ಟಿಪ್ಪಣಿಪುಸ್ತಕ ಹಿಡಿದು ಹಾರಿದೆ.

ಕೊಟ್ಟಿಗೆ ಇನ್ನೆರಡು ಕಿಲೋಮೀಟರ್ ಇರುವಾಗ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು. ಆಕೆ ಜೀಪು ನಿಲ್ಲಿಸಿದಳು.

“ರೇಡಿಯೇಟರಲ್ಲಿ ನೀರು ಕಡಿಮೆ ಆಗಿದೆ. ಹಿಂದೆ ಐದು ಲೀಟರ್ ಕ್ಯಾನ್ ಇದೆ, ಅಷ್ಟು ಸಾಕು. ಮೊದಲು ಆರಲಿ. ನಾನು ಆ ತಿರುವಿಗೆ ಹೋಗಿ ಕೊಟ್ಟಿಗೆಯವರಿಗೆ ಫೋನ್ ಮಾಡ್ತೀನಿ, ಇಲ್ಲಿ ಸಿಗ್ನಲ್ ಇಲ್ಲ. ನೀವು ಏನೂ ಮುಟ್ಟಬೇಡಿ. ಕೇಳಿಸ್ತಾ?”

ಕೇಳಿಸಿತು. ಆದರೆ ಅತ್ತ ಒಂದು ಜೀವ ಸಂಕಟದಲ್ಲಿದೆ; ಇತ್ತ ನನ್ನ ತೊಡೆಯ ಮೇಲೆ ಹದಿನಾಲ್ಕನೆಯ ಪುಟವಿದೆ. ಆಕೆ ಬರುವಷ್ಟರಲ್ಲಿ ಗಾಡಿ ಸಿದ್ಧವಾಗಿದ್ದರೆ! ಹತ್ತು ನಿಮಿಷ ಕಾದೆ. ಕ್ಯಾನ್ ತಂದೆ. ಅಭಿಷೇಕಕ್ಕೆ ನಿಂತ ಅರ್ಚಕನ ಗಾಂಭೀರ್ಯದಿಂದ ಎಡಗಿಂಡಿಗೆ ಎರಡೂವರೆ ಲೀಟರ್, ಬಲಗಿಂಡಿಗೆ ಎರಡೂವರೆ ಲೀಟರ್ ಸಮಪಾಲಾಗಿ ಹುಯ್ದೆ.

ಎತ್ತು ಕುಡಿಯಲಿಲ್ಲ. ನೀರು ಬಾನೆಟ್ಟಿನ ಮೇಲೆ ಹರಡಿ, ನಂಬರ್ ಪ್ಲೇಟನ್ನು ತೊಳೆದು, ನನ್ನ ಬೂಟುಗಳನ್ನು ನೆನೆಸಿ, ನಾವು ಬಂದ ದಾರಿಯಲ್ಲೇ ಇಳಿದುಹೋಯಿತು.

ತಿರುವಿನಿಂದ ಬಂದವಳು ಒದ್ದೆ ರಸ್ತೆಯನ್ನು ನೋಡಿದಳು, ಖಾಲಿ ಕ್ಯಾನನ್ನು ನೋಡಿದಳು, ನನ್ನನ್ನು ನೋಡಿದಳು.

“ಇದೇನ್ರೀ ಇದು?”

“ನಿಮ್ಮಪ್ಪನ ಸಾಕ್ಷ್ಯ... ಮೇಲಿಂದಾನೇ ಹುಯ್ಯಬೇಕು ಅಂತ...”

“ಅಯ್ಯೋ ದೇವರೇ! ಅದು ಅಪ್ಪನ ಹಳೇ ಲಾರಿ ಕಥೆ! ಅದಕ್ಕೆ ನೀರು ಹಾಕೋ ಬಾಯಿ ಬಾನೆಟ್ಟಿನ ಹೊರಗೇ ಇತ್ತು! ಯಾವ ಗಾಡಿ ಅಂತ ಕೇಳಿದ್ರಾ?”

“ಸಾಕ್ಷಿಯನ್ನು ತಡೀಬಾರದು...”

ಆಕೆ ಬಾನೆಟ್ ಎತ್ತಿದಳು. ಗಾಳಿಕಿಂಡಿಗಳು ಇದ್ದ ಜಾಗದ ಅಡಿಯಲ್ಲಿ ಇದ್ದದ್ದು ನುಣುಪಾದ, ಅಖಂಡವಾದ ತಗಡು. ಸೂಜಿ ತೂರುವಷ್ಟೂ ತೂತಿಲ್ಲ! ಅಂಟು ಹಾಕಿ ಮೇಲೆ ಕೂರಿಸಿದ ಪ್ಲಾಸ್ಟಿಕ್. ಹನ್ನೊಂದು ದಿನದ ಪತ್ರವ್ಯವಹಾರ, ಐದು ಗಂಟೆಯ ಧ್ವನಿಮುದ್ರಣ, ಅರವತ್ತೆರಡು ಪುಟದ ಬರಹರೂಪ, ಎಲ್ಲವೂ ಆ ತಗಡಿನ ಮೇಲೆ ಜಾರಿ ಬಿದ್ದವು.

“ಕೆಳಗೆ ಹಳ್ಳ ಇದೆ. ನೀರು ತಂದು, ಇದೋ, ಈ ಮುಚ್ಚಳ ತೆಗೆದು ಇದರೊಳಗೆ ಹಾಕಿ. ಪೂರ್ತಿ ಆರಿದ ಮೇಲೆ!” ಎಂದವಳು ಚೀಲ ಹೆಗಲಿಗೇರಿಸಿ ಏರು ಹತ್ತತೊಡಗಿದಳು. ಹತ್ತು ಹೆಜ್ಜೆ ಹೋಗಿ ತಿರುಗಿದಳು. “ಹಳ್ಳದ ಹತ್ತಿರ ಯಾರನ್ನೂ ಸಂದರ್ಶನ ಮಾಡ್ತಾ ಕೂರಬೇಡಿ.”

ಹಳ್ಳ ಬಹಳ ಕೆಳಗಿತ್ತು. ತುಂಬಿದ ಕ್ಯಾನ್ ಹೊತ್ತು ಹತ್ತುವಾಗ ನನ್ನ ಎದೆಯಲ್ಲೂ ಮುಳ್ಳು ಕೆಂಪಿಗೆ ಹೋಯಿತು; ನನಗಾದರೂ ನಿಜವಾದ ಕಿಂಡಿಗಳಿದ್ದರೆ ಎನಿಸಿತು. ಅಂತೂ ನೀರು ಕುಡಿಸಿ, ಜೀಪು ಏರಿಸಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಸದ್ದಿಲ್ಲ. ಇಣುಕಿದೆ.

ಹುಲ್ಲಿನ ಮೇಲೆ ಕರುವೊಂದು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ ಏಳಲು ಹೆಣಗುತ್ತಿತ್ತು. ಹಸು ಅದನ್ನು ನೆಕ್ಕುತ್ತಿತ್ತು. ನನ್ನಾಕೆ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಕೈ ತೊಳೆಯುತ್ತಿದ್ದಳು.

“ಬಂದ್ರಾ? ನನ್ನ ಕೈ ಒದ್ದೆ. ಚೀಲದಲ್ಲಿ ರಿಜಿಸ್ಟರ್ ಇದೆ, ನಾನು ಹೇಳ್ತೀನಿ, ಬರ್ಕೊಳ್ಳಿ.”

ಬರೆದುಕೊಂಡೆ. ಒಂದಕ್ಷರವನ್ನೂ ತಿದ್ದದೆ ಇಲ್ಲಿ ಕೊಡುತ್ತಿದ್ದೇನೆ:

‘ಏಪ್ರಿಲ್ 14, ಭಾನುವಾರ, ಬೆಳಿಗ್ಗೆ 11.20. ಹೆಣ್ಣು ಕರು. ತಾಯಿ, ಕರು ಕ್ಷೇಮ. ವೈದ್ಯೆ ತಲುಪಿದ್ದು ನಲವತ್ತು ನಿಮಿಷ ತಡವಾಗಿ. ಕಾರಣ: ಗಂಡ.’