ನಸಾರಿಯೊ ಬಿಡಿಸಿದ ಗಂಟು

ಆ ಮೇಕೆಯ ಮುಖ ಕಾಣಿಸದೆ ಹೋಗಿದ್ದರೆ ನಸಾರಿಯೊನ ಗುರುವಾರ ಬೇರೆ ಗುರುವಾರಗಳ ಹಾಗೆಯೇ ಕಳೆದುಹೋಗುತ್ತಿತ್ತು.

ಅವನು ಎಲ್ ಪೆರಾಲ್ ಊರಿನ ಪುರಸಭೆ ಗ್ರಂಥಾಲಯದಲ್ಲಿ ಕ್ಯಾಟಲಾಗಿನ ಗುಮಾಸ್ತ. ಅಂದು ಹನ್ನೆರಡು ಗಂಟೆಗೆ ಅಲ್ಲೇ ಸಮಾರಂಭವಿತ್ತು. ಊರಿನ ಅತಿ ಹೆಚ್ಚು ಓದುಗರಿರುವ ಲೇಖಕಿ ಎಂದು ದೋನ್ಯಾ ಎಲ್ಸೀರಾ ಅವರಿಗೆ ಮೇಯರ್ ಸಾಹೇಬರು ಕಲ್ಲಿನ ಫಲಕ ಕೊಡುವವರಿದ್ದರು. ಎಲ್ಸೀರಾಗೆ ಎಪ್ಪತ್ತೊಂಬತ್ತು. ಮದುವೆಯಾಗಿಲ್ಲ, ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ನಲವತ್ತು ವರ್ಷದ ಹಿಂದೆ ‘ಬೆಟ್ಟದ ಸಂಗಾತಿ’ ಎಂಬ ಒಂದೇ ಒಂದು ಕವನ ಸಂಕಲನವನ್ನು ತಾವೇ ಅಚ್ಚು ಹಾಕಿಸಿದ್ದರು. ಮಿಕ್ಕ ಪ್ರತಿಗಳು ಇಂದಿಗೂ ಅವರ ಮಂಚದ ಕೆಳಗಿವೆ. ಆ ಪುಸ್ತಕವನ್ನು ಜನ ಸಾವಿರದ ನಾನೂರ ಹನ್ನೆರಡು ಸಲ ಎರವಲು ಒಯ್ದಿದ್ದಾರೆ ಎಂದು ಆನ್‌ಲೈನ್ ಕ್ಯಾಟಲಾಗು ಹೇಳಿದ ದಿನದಿಂದ ಅವರ ಬಾಗಿದ ಬೆನ್ನು ನೆಟ್ಟಗಾಗಿತ್ತು. ಔಷಧದ ಅಂಗಡಿಯಲ್ಲಿ ಸಾಲು ಬಿಟ್ಟು ಮುಂದೆ ಹೋಗುವಷ್ಟು ಧೈರ್ಯವೂ ಬಂದಿತ್ತು.

ಭಾಷಣಕ್ಕೆ ಬೇಕಲ್ಲ, ಸಂಖ್ಯೆಯನ್ನು ಇನ್ನೊಮ್ಮೆ ನೋಡಿಬಿಡೋಣ ಎಂದು ಬೆಳಿಗ್ಗೆ ನಸಾರಿಯೊ ಕ್ಯಾಟಲಾಗು ತೆರೆದ. ಆ ವಾರವಷ್ಟೇ ಕ್ಯಾಟಲಾಗಿಗೆ ಮುಖಪುಟಗಳ ಚಿತ್ರ ಸೇರಿತ್ತು; ಕವನ ಸಂಕಲನದ ಮುಖಪುಟ ಇರಬೇಕಾದ ಜಾಗದಿಂದ ಗಡ್ಡದ ಮೇಕೆಯೊಂದು ಅವನನ್ನೇ ನೋಡುತ್ತಿತ್ತು. ಕೆಳಗೆ, ‘ಬೆಟ್ಟದ ಸಂಗಾತಿ: ಮೇಕೆಗಳ ಕಾಲುಬೇನೆ, ಹುಳುಬಾಧೆ ಮತ್ತು ಚಿಕಿತ್ಸೆ’. ಬರೆದವರು ಗುಡ್ಡದ ಮೇಲೆ ಒಂಟಿಯಾಗಿರುವ ಮುದಿ ಪಶುವೈದ್ಯ ದೋನ್ ಅನ್ಸೆಲ್ಮೊ. ಹೆಸರು ಒಂದೇ, ಅಚ್ಚಾದ ಮುದ್ರಣಾಲಯವೂ ಒಂದೇ. ಹದಿನಾಲ್ಕು ವರ್ಷದ ಹಿಂದೆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ಯಂತ್ರ ಎರಡನ್ನೂ ಒಂದೇ ನಮೂದಿನೊಳಗೆ ತುರುಕಿಬಿಟ್ಟಿತ್ತು.

ಗೋಡೆಯ ಪಟ ಓರೆಯಾಗಿದ್ದರೆ ಪಕ್ಕದ ಮನೆಯದಾದರೂ ಒಳಗೆ ನುಗ್ಗಿ ನೆಟ್ಟಗೆ ಮಾಡಿ ಬರುವ ಜಾತಿ ನಸಾರಿಯೊನದು. ಯೋಚಿಸುವ ಮೊದಲೇ ಬೆರಳು ‘ಬೇರ್ಪಡಿಸು’ ಎಂಬುದನ್ನು ಒತ್ತಿಯಾಗಿತ್ತು. ಒಂದು ನಮೂದು ಎರಡಾಯಿತು. ಮೇಕೆಗೆ ಸಾವಿರದ ಮುನ್ನೂರ ಅರವತ್ತೊಂಬತ್ತು ಎರವಲು, ಕವಿತೆಗೆ ನಲವತ್ತಮೂರು. ಆ ನಲವತ್ತಮೂರೂ ಒಂದೇ ಕಾರ್ಡಿಗೆ ಹೋಗಿದ್ದವು. ಕಾರ್ಡಿನ ನಂಬರು ಹದಿನೇಳು.

“ನಿನ್ನ ಕೈ ಸೇದ್ಹೋಗ!” ಎಂದು ಗ್ರಂಥಾಲಯದ ಮುಖ್ಯಸ್ಥೆ ಗ್ಲಾದಿಸ್ ತಲೆ ಚಚ್ಚಿಕೊಂಡಳು. “ಕಲ್ಲು ಕೆತ್ತಿ ಆಗಿದೆ, ಎಂಬತ್ತು ಎಂಪನಾಡ ಕಡುಬು ಒಲೆಗೆ ಹೋಗಿದೆ. ವಾಪಸ್ ಸೇರ್ಸು!”

“ಅದು ತಪ್ಪಾಗಿತ್ತಲ್ಲ ಮೇಡಂ.”

“ಹದಿನಾಲ್ಕು ವರ್ಷದಿಂದ ಆ ತಪ್ಪು ಯಾರಿಗೇನು ಮಾಡಿತ್ತಪ್ಪಾ? ಪಾಪ, ಅದರ ಪಾಡಿಗೆ ಮಲಗಿತ್ತು.”

ಆದರೆ ಮುರಿದಷ್ಟು ಸುಲಭವಾಗಿ ಕೂಡಿಸಲು ಬರುತ್ತದೆಯೇ? ಮುರಿಯಲು ಒಂದು ಗುಂಡಿ ಸಾಕಾಗಿತ್ತು. ಕೂಡಿಸಲು ಅರ್ಜಿ ಬೇಕಿತ್ತು. ಅದರಲ್ಲಿ ಕಾರಣ ಬರೆಯಬೇಕು, ಇಬ್ಬರು ಲೇಖಕರೂ ಒಪ್ಪಿ ಸಹಿ ಹಾಕಬೇಕು, ಜೊತೆಗೊಬ್ಬ ಸಾಕ್ಷಿ. ಗ್ಲಾದಿಸ್ ಅರ್ಜಿಯನ್ನು ಅವನ ಕೈಗೆ ತುರುಕಿದಳು. “ಓಡು. ಸನ್ಮಾನದ ಕಾಗದ ಅಂತ ಹೇಳಿ ಮೊದಲು ಆಯಮ್ಮನ ಸಹಿ ಹಾಕಿಸ್ಕೊಂಡ್ ಬಾ.”

ಅವನು ಬೀದಿಗಿಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿತ್ತು.

“ನಂಗೆ ಆವತ್ತೇ ಗುಮಾನಿ ಇತ್ತು ಕಣಯ್ಯ” ಎಂದ ಬೇಕರಿಯವನು. “ಸಾವಿರ ಸಲ ಕವಿತೆ ಓದೋ ಊರಾಗಿದ್ರೆ ಇಲ್ಲಿ ಇಷ್ಟೊಂದು ಜಗಳ ಆಗ್ತಿತ್ತಾ?”

“ಹಂಗಾದ್ರೆ ಕಲ್ಲು ನಮ್ಮ ಡಾಕ್ಟರಿಗೆ ಸೇರ್ಬೇಕು!” ಎಂದು ಮೇಕೆ ಸಾಕುವವನೊಬ್ಬ ಮೋಟರ್‌ಸೈಕಲ್ ಹತ್ತಿ ಗುಡ್ಡದ ಕಡೆ ಹೊರಟೇಬಿಟ್ಟ.

ಎಲ್ಸೀರಾ ನೀಲಿ ಉಡುಪು ತೊಟ್ಟು ಆಗಲೇ ಸಿದ್ಧರಾಗಿದ್ದರು. “ಬಾ ಮಗ, ಈ ಸರದ ಕೊಂಡಿ ಹಾಕು. ಹಿಂದಕ್ಕೆ ಕೈ ಎಟಕಲ್ಲ.” ಆಮೇಲೆ ಅವನನ್ನು ಕೂರಿಸಿ ಚಹಾ, ರೊಟ್ಟಿ, ಮೇಕೆಯ ಹಾಲಿನ ಚೀಸು ಮುಂದಿಟ್ಟರು. “ಮೊನ್ನೆ ಚೌಕದಲ್ಲಿ ಯಾರೋ ನನ್ನ ನೋಡಿ ಟೋಪಿ ತೆಗೆದ ಕಣೋ. ಅವನೂ ಓದಿರ್ಬೇಕು. ಯಾರೂ ಓದಿಲ್ಲ ಅಂತ ನಲವತ್ತು ವರ್ಷ ಸುಮ್ನೆ ಕೊರಗಿದೆ ನೋಡು. ಅದೇನು ಕಾಗದ?”

“ಒಂದು... ಸಹಿ ಬೇಕಿತ್ತು.”

“ನೀನೇ ಓದಿ ಹೇಳು, ಕನ್ನಡಕ ಎಲ್ಲಿಟ್ನೋ. ತಂತಿ ಆಫೀಸಲ್ಲಿ ಮೂವತ್ತು ವರ್ಷ ಇದ್ದೋಳು ನಾನು, ಏನಿದೆ ಅಂತ ತಿಳೀದೆ ಸಹಿ ಹಾಕಲ್ಲ.”

ಕನ್ನಡಕ ಅವರ ತಲೆಯ ಮೇಲೇ ಇತ್ತು. ಅದನ್ನು ಹೇಳುವ ಧೈರ್ಯವೂ ನಸಾರಿಯೊಗೆ ಆಗಲಿಲ್ಲ. ಸುಳ್ಳು ಓದಲು ಬಾಯಿ ಬರಲಿಲ್ಲ, ನಿಜ ಓದಲು ಮನಸ್ಸು ಬರಲಿಲ್ಲ. ಬಾಯಿಗೆ ಬೇರೆ ಕೆಲಸ ಇರಲಿ ಎಂದು ಮೂರು ರೊಟ್ಟಿ ತಿಂದ. ಆ ಮುಖದ ಬೆಳಕನ್ನು ಆರಿಸುವ ಕೈ ತನ್ನದಾಗುವುದು ಅವನಿಗೆ ಬೇಡವಾಗಿತ್ತು. ಅರ್ಜಿಯನ್ನು ಮಡಿಚಿ ಜೇಬಿಗಿಟ್ಟು, ಆಮೇಲೆ ಬರ್ತೀನಿ ಎಂದು ತಪ್ಪಿಸಿಕೊಂಡು ಬಂದ.

ಹನ್ನೆರಡಕ್ಕೆ ಸಭಾಂಗಣ ತುಂಬಿತ್ತು. ಯಾವತ್ತೂ ಪುಸ್ತಕ ಮುಟ್ಟದವರೆಲ್ಲ ಮಜಾ ನೋಡಲು ಬಂದಿದ್ದರು. ಮುಂದಿನ ಸಾಲಿನಲ್ಲಿ ಎಲ್ಸೀರಾ. ಮೇಯರ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ದಡಾರನೆ ತೆರೆದು ದೋನ್ ಅನ್ಸೆಲ್ಮೊ ಒಳಗೆ ಬಂದರು. ಜೊತೆಗೆ ಮೇಕೆಯ ವಾಸನೆಯೂ ಬಂತು. ಕಲ್ಲು ಕೇಳಲು ಬಂದರು ಎಂದುಕೊಂಡು ಮೇಕೆ ಸಾಕುವವರೆಲ್ಲ ಚಪ್ಪಾಳೆ ತಟ್ಟಿದರು.

“ಬೇರೆ ಮಾಡಿದ್ದು ಯಾರಯ್ಯ?” ಎಂದು ಮುದುಕ ಗುಡುಗಿದರು.

“ನಾನೇ ಸರ್” ಎಂದ ನಸಾರಿಯೊ. “ನಿಮ್ಮ ಓದುಗರು ನಿಮಗೆ ಸೇರ್ಲಿ ಅಂತ...”

“ನಾನು ಬಂದು ಕೇಳಿದ್ನಾ? ತಪ್ಪು ಅಂತ ಹದಿನಾಲ್ಕು ವರ್ಷದಿಂದ ನಂಗೊತ್ತು. ಗೊತ್ತಿದ್ದೇ ಬಾಯಿ ಮುಚ್ಕೊಂಡಿದ್ದೆ!”

“ಏನು ತಪ್ಪು?” ಎಂದರು ಎಲ್ಸೀರಾ.

ಕೊನೆಗೆ ನಸಾರಿಯೊನೇ ಎಲ್ಲವನ್ನೂ ಹೇಳಿದ. “ನಿಮ್ಮದು ನಲವತ್ಮೂರು, ತಾಯಿ. ಅದೂ ಒಬ್ಬರೇ ಒಯ್ದಿದ್ದು.” ಹೇಳುತ್ತ ಅವನ ಕಣ್ಣು ತುಂಬಿತು. ಎಲ್ಸೀರಾ ಅವರ ಬೆನ್ನು ನಿಧಾನವಾಗಿ ಮತ್ತೆ ಬಾಗಿತು.

“ಯಾರದು?” ಎಂದರು ಸಣ್ಣ ದನಿಯಲ್ಲಿ.

“ಹೇಳೋ ಹಾಗಿಲ್ಲ. ನಿಯಮ.”

“ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ!” ಎಂದು ಅನ್ಸೆಲ್ಮೊ ಜೇಬಿನಿಂದ ಕಾರ್ಡೊಂದನ್ನು ತೆಗೆದು ಮೇಜಿಗೆ ಬಡಿದರು. ಅಂಚು ಸವೆದ ಹಳೇ ಕಾರ್ಡು. ನಂಬರು ಹದಿನೇಳು.

ಎಲ್ಸೀರಾ ತಲೆಯ ಮೇಲಿನ ಕನ್ನಡಕ ಇಳಿಸಿ ಕಾರ್ಡನ್ನು ನೋಡಿದರು, ಆಮೇಲೆ ಮುದುಕನನ್ನು ನೋಡಿದರು. “ನಲವತ್ಮೂರು ಸಲಾನ? ಒಂದ್ಸಲಕ್ಕೆ ಅರ್ಥ ಆಗ್ಲಿಲ್ವ?”

“ಹದಿನೈದು ದಿನಕ್ಕೆ ವಾಪಸ್ ಕೇಳ್ತಾರಲ್ಲ ಇವ್ರು.”

“ನನ್ನ ಮಂಚದ ಕೆಳಗೆ ಇನ್ನೂರು ಪ್ರತಿ ಇತ್ತು. ಬಾಗಿಲು ತಟ್ಟಿದ್ರೆ ಕೊಡ್ತಿದ್ದೆ.”

ಅನ್ಸೆಲ್ಮೊ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. “ಅದೊಂದೇ ಆಗ್ಲಿಲ್ಲ.”

“ಮೇಕೆ ಪುಸ್ತಕಕ್ಕೂ ಅದೇ ಹೆಸರು ಯಾಕಿಟ್ರಿ?”

“ನಿಮ್ದು ಓದಿದ್ಮೇಲೆ ಬೇರೆ ಹೆಸರು ತೋಚ್ಲಿಲ್ಲ.”

ಎಲ್ಸೀರಾ ಎದ್ದು ನಿಂತರು. ಬೆನ್ನು ನೆಟ್ಟಗಿತ್ತು. “ಕಲ್ಲನ್ನ ಮೇಕೆಗೇ ಕೊಡಿ, ಮೇಯರೇ. ನಂಗೆ ಓದುಗರು ಸಿಕ್ಕಿದ್ರು.” ಮೇಯರ್ ಕಲ್ಲು ಹಿಡಿದುಕೊಂಡು ನಿಂತೇ ಇದ್ದರು, ಜನ ಎಂಪನಾಡಗಳ ಕಡೆ ನುಗ್ಗಿದರು. ಆ ಗದ್ದಲದಲ್ಲಿ ಅನ್ಸೆಲ್ಮೊ ತಮ್ಮ ಕಾರ್ಡಿಗೆ ಎರಡು ಪುಸ್ತಕ ತಾವೇ ಎರವಲು ಬರೆದುಕೊಂಡು ಹೋದದ್ದನ್ನು ಯಾರೂ ಗಮನಿಸಲಿಲ್ಲ.

ನಾಲ್ಕು ಗಂಟೆಗೆ ನಸಾರಿಯೊ ಕಾಫಿ ಹಿಡಿದು ಪರದೆಯ ಮುಂದೆ ಕುಳಿತ. ಬೈಗುಳ ತಿಂದದ್ದಾಯಿತು, ಆದರೂ ಎರಡು ನಮೂದುಗಳು ಬೇರೆ ಬೇರೆಯಾಗಿ, ಸರಿಯಾಗಿ ನಿಂತಿದ್ದವು. ಅಷ್ಟರಲ್ಲಿ ಇಬ್ಬರೂ ಒಟ್ಟಿಗೆ ಒಳಗೆ ಬಂದರು. ಅನ್ಸೆಲ್ಮೊ ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಕುದುರೆಯ ಜೀನು ಹೊಲಿಯುವವನ ಕೈಯಲ್ಲಿ ಗ್ರಂಥಾಲಯದ ಎರಡೂ ಪ್ರತಿಗಳನ್ನು ಸೇರಿಸಿ ಹೊಲಿಸಿ, ಮೇಲೆ ಮೇಕೆಯ ಚರ್ಮದ ರಟ್ಟು ಹಾಕಿಸಿದ್ದರು.

“ಗ್ರಂಥಾಲಯದ ಪುಸ್ತಕ ಹೀಗೆಲ್ಲ ಹೊಲಿಯೋ ಹಾಗಿಲ್ಲ ಸರ್!”

“ಹೊಲಿದಾಯ್ತಲ್ಲ. ಈಗ ಹೇಳು, ಒಂದು ರಟ್ಟಿನೊಳಗೆ ಎರಡಿದ್ರೆ ನಮೂದು ಎಷ್ಟು?”

ನಿಯಮ ನಸಾರಿಯೊಗೆ ಬಾಯಿಪಾಠವಾಗಿತ್ತು. “ಒಂದು” ಎಂದ, ಅಳುವ ದನಿಯಲ್ಲಿ. ಜೇಬಿನಲ್ಲಿದ್ದ ಅರ್ಜಿಯನ್ನು ಬಿಡಿಸಿ ಮೇಜಿನ ಮೇಲಿಟ್ಟ.

“ಮೊದಲು ನಂದೋ, ಮೇಕೇದೋ?” ಎಂದು ಎಲ್ಸೀರಾ ಪುಟ ತಿರುವಿದರು.

“ನಿಮ್ದೇ. ಮೇಕೆ ಯಾವತ್ತೂ ಹಿಂದೆ ಬರೋದು.”

ಮುದುಕ ಸಹಿ ಹಾಕಿದರು. ಎಲ್ಸೀರಾ ಕನ್ನಡಕ ಏರಿಸಿ ಅರ್ಜಿಯ ಪ್ರತಿ ಅಕ್ಷರವನ್ನೂ ಓದಿ ಸಹಿ ಹಾಕಿದರು. ‘ಕಾರಣ’ ಎಂಬಲ್ಲಿ ತಂತಿ ಬರೆಯುವ ಹಾಗೆ ಚುಟುಕಾಗಿ ಬರೆದರು: ‘ಬೇರೆ ಮಾಡಿದ್ದೇ ತಪ್ಪು. ಮಾಡಿದವನು ನಸಾರಿಯೊ.’

ಆಮೇಲೆ ಪೆನ್ನನ್ನು ಅವನ ಕಡೆ ಚಾಚಿದರು. “ಸಾಕ್ಷಿ ಜಾಗ ಖಾಲಿ ಇದೆ ಮಗ. ಹಾಕು ಸಹಿ.”